ಗಾಣ ತಿರುಗ್ತಿದೆ, ಕೈಯಲ್ಲಿ ಕಾಸಿಲ್ಲ: ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ತಿಪಟೂರು ತಾಲ್ಲೂಕಿನಿಂದ):
ಎಲ್ಲರಿಗೂ ನಮಸ್ಕಾರ. ನಮ್ಮದು ಮರದ ಗಾಣ, ಕೊಬ್ಬರಿ ಎಣ್ಣೆ ಮಾತ್ರ. ದಿನಕ್ಕೆ 100 ಕೆಜಿ ಕೊಬ್ಬರಿ, ತಿಂಗಳಿಗೆ 25 ದಿನ. ಕೆಲಸಕ್ಕೆ ಇಬ್ಬರು, ತಲಾ 600 ಕೂಲಿ. ಕೊಬ್ಬರಿ ಕೆಜಿಗೆ ಸರಾಸರಿ 200 ಬಿದ್ದಿದೆ. ತಿಪಟೂರು, ಗುಬ್ಬಿ, ತುಮಕೂರು ಕಡೆಯ 60 ಅಂಗಡಿಗೆ ಲೀಟರ್ 375, ಮೇಲೆ ಜಿಎಸ್‌ಟಿ. ಮಾರಾಟ ಹೋದ ವರ್ಷದ ಸುಮಾರು ಎರಡರಷ್ಟಾಗಿದೆ. ಆದರೂ ಪ್ರತಿ ಸಲ ಕೊಬ್ಬರಿ ತರೋಕೆ ಕೈಸಾಲ ಮಾಡಬೇಕು. ಅಂಗಡಿಗಳಿಂದ 11 ಲಕ್ಷ ಬರಬೇಕಿದೆ, ಗೋಡೌನಿನಲ್ಲಿ 3 ಟನ್ ಕೊಬ್ಬರಿ ಇದೆ. ಲಾಭ ಇದೆಯೋ ಇಲ್ಲವೋ ಅದೇ ತಿಳೀತಿಲ್ಲ. ಮಾರ್ಕೆಟಿಂಗ್‌ಗೆ ಇನ್ನಷ್ಟು ದುಡ್ಡು ಹಾಕಬೇಕಾ?

ಉತ್ತರ (ಲೆಕ್ಕಪರಿಶೋಧಕರು, ತುಮಕೂರು):
ಬೇಡ ಸರ್, ಈಗ ಬೇಡ. ಮಾರಾಟ ಇನ್ನೂ ಏರಿದರೆ ಕೈಸಾಲವೂ ಏರುತ್ತದೆ. ಯಾಕೆ ಅಂತ ನಿಮ್ಮ ಅಂಕಿಗಳಿಂದಲೇ ನೋಡೋಣ.

ಒಂದು ದಿನದ ಲೆಕ್ಕ ತಗೊಳ್ಳಿ. ಕೊಬ್ಬರಿ 20,000. ಹಿಂಡಿ 36 ಕೆಜಿ, 30ರಂತೆ ಮಾರಿದರೆ 1,080 ವಾಪಸ್. ಉಳಿದದ್ದು 18,920. ಕೂಲಿ 1,200. ಕರೆಂಟಿಗೆ 300 ಹಿಡಿಯೋಣ. ಬಾಟಲಿ, ಮುಚ್ಚಳ, ಲೇಬಲ್ ಲೀಟರ್‌ಗೆ 12ರಂತೆ 780. ಬಾಡಿಗೆ, ರಿಪೇರಿ, ಬಡ್ಡಿ ಎಲ್ಲ ಸೇರಿ 800. ಒಟ್ಟು 22,000. ಎಣ್ಣೆ 60 ಕೆಜಿ ಬಂದರೆ ಹೆಚ್ಚು ಕಡಿಮೆ 65 ಲೀಟರ್. ಲೀಟರ್‌ಗೆ 338 ಬಿತ್ತು, 37 ಉಳೀತು. ತಿಂಗಳಿಗೆ 1,625 ಲೀಟರ್ ಅಂದ್ರೆ 60,000 ಲಾಭ. ಕರೆಂಟು, ಬಾಡಿಗೆ, ಹಿಂಡಿ ದರ ನನ್ನ ಅಂದಾಜು, ನಿಮ್ಮದು ಹಾಕಿ ನೋಡಿ.

ಲಾಭ ಇದೆ, ಅದು ನಿಮ್ಮ ಕೈಗೆ ಬರೋ ಮುಂಚೆ ಅಂಗಡಿಯ ಕಪಾಟಿನಲ್ಲೂ ಗೋಡೌನಿನಲ್ಲೂ ಕೂತಿದೆ. ತಿಂಗಳ ಬಿಲ್ಲು ಜಿಎಸ್‌ಟಿ ಸೇರಿ ಸುಮಾರು 6.4 ಲಕ್ಷ. ಬಾಕಿ 11 ಲಕ್ಷ. ಅಂದ್ರೆ ಎಣ್ಣೆ ಕೊಟ್ಟ 51ನೇ ದಿನಕ್ಕೆ ದುಡ್ಡು. ಇದನ್ನು 10 ದಿನ ಇಳಿಸಿದರೆ ಸಾಕು, 2 ಲಕ್ಷಕ್ಕೂ ಮೇಲೆ ಒಂದೇ ಸಲ ಕೈಗೆ ಬರುತ್ತದೆ, ಅದೂ ಬಡ್ಡಿಯಿಲ್ಲದೆ.

ಇನ್ನು 3 ಟನ್ ಕೊಬ್ಬರಿ. ಅದು 30 ದಿನದ ಅರೆತ, 6 ಲಕ್ಷ ರೂಪಾಯಿ. ದರ ಕೆಜಿಗೆ 20 ಇಳಿದರೆ 60,000 ಹೋಯ್ತು, ಪೂರ್ತಿ ಒಂದು ತಿಂಗಳ ಲಾಭ. ಏರಿದರೆ ಸಿಗುತ್ತಲ್ಲ ಅಂತೀರಿ. ಸಿಗುತ್ತೆ, ಆದರೆ ಅದು ಮಂಡಿ ವ್ಯಾಪಾರ, ಗಾಣದ ವ್ಯಾಪಾರವಲ್ಲ. ಅಟ್ಟದ ಮೇಲೆ ಕಾಯಿ ಹಾಕಿ ತಿಂಗಳುಗಟ್ಟಲೆ ಕಾಯೋ ರೈತನಿಗೆ ತೋಟ ತನ್ನದು. ನಿಮ್ಮದು ಕೈಸಾಲದ ಕೊಬ್ಬರಿ. 10-12 ದಿನದ್ದು ಮಾತ್ರ ಇಟ್ಟುಕೊಳ್ಳಿ, ಕೊಳ್ಳೋ ದರ ಏರಿದ ವಾರವೇ ಮಾರೋ ದರವನ್ನೂ ತಿದ್ದಿ.

ಕೇಳಿದವರು:
ಸರ್, ಹೋಟೆಲ್‌ಗಳಿಗೆ ತಿಂಗಳಿಗೆ ಹತ್ತು 15 ಕೆಜಿ ಟಿನ್ ಹೋಗುತ್ತೆ. 375ರಂತೆ ಹದಿನೈದಕ್ಕೆ 5,625 ಹಾಕ್ತೀನಿ. ಅದೂ ಲಾಭ ತಾನೇ?

ಲೆಕ್ಕಪರಿಶೋಧಕರು:
ಅಯ್ಯೋ, ಅಲ್ಲೇ ಸೋರ್ತಿರೋದು! 375 ಲೀಟರ್ ದರ, ಟಿನ್ ಕೆಜಿಯದ್ದು. ಒಂದು ಲೀಟರ್ ಕೊಬ್ಬರಿ ಎಣ್ಣೆ ಸುಮಾರು 915 ಗ್ರಾಂ ತೂಗುತ್ತದೆ. 15 ಕೆಜಿ ಅಂದ್ರೆ 16.4 ಲೀಟರ್. ಟಿನ್ನಿಗೆ 1.4 ಲೀಟರ್, ಅಂದರೆ 525 ರೂಪಾಯಿ ಬಿಟ್ಟಿ ಕೊಡ್ತಿದ್ದೀರಿ. ಹತ್ತು ಟಿನ್ನಿಗೆ 5,250. ಕೆಜಿಗೊಂದು, ಲೀಟರ್‌ಗೊಂದು ಬೇರೆ ಬೇರೆ ದರಪಟ್ಟಿ ಇಡಿ. ಬಾಟಲಿ ಲೇಬಲ್‌ನಲ್ಲೂ ಲೀಟರ್ ಜೊತೆಗೆ ತೂಕ ಹಾಕಿ, ಖಾದ್ಯ ತೈಲಕ್ಕೆ ಅದನ್ನು ಕೇಳುತ್ತಾರೆ.

ಉತ್ತರ (ಎಣ್ಣೆ ಮಿಲ್ಲಿನ ಪ್ರೊಡಕ್ಷನ್ ನೋಡಿಕೊಳ್ಳೋರು, ಗುಬ್ಬಿ):
ಮೇಲಿನ ಲೆಕ್ಕ ನಿಂತಿರೋದು ನೂರಕ್ಕೆ 60 ಕೆಜಿ ಎಣ್ಣೆಯ ಮೇಲೆ. ಅಷ್ಟು ಬರ್ತಿದೆಯಾ ಅಂತ ತೂಗಿ ನೋಡಿದ್ದೀರಾ? 60 ಇದ್ದದ್ದು 58 ಆದರೆ ತಿಂಗಳಿಗೆ ಸುಮಾರು 20,000 ಕಣ್ಣಿಗೆ ಕಾಣದೆ ಹೋಗುತ್ತೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾ ಮೂರು ತೂಕ ಬರೆಸಿ: ಹಾಕಿದ ಕೊಬ್ಬರಿ, ಬಂದ ಎಣ್ಣೆ, ಬಂದ ಹಿಂಡಿ. ಎಣ್ಣೆ ಮತ್ತು ಹಿಂಡಿ ಕೂಡಿದರೆ 95-97 ಆಗಬೇಕು. ಅದಕ್ಕಿಂತ ಕಡಿಮೆಯಾದರೆ ಕೊಬ್ಬರಿ ಹಸಿ ಇತ್ತು, ಇಲ್ಲವೇ ಎಲ್ಲೋ ಚೆಲ್ಲುತ್ತಿದೆ. ಮೊತ್ತ ಸರಿಯಿದ್ದು ಹಿಂಡಿ ಜಾಸ್ತಿ ಬಂದರೆ ಎಣ್ಣೆ ಹಿಂಡಿಯಲ್ಲೇ ಉಳಿದಿದೆ, ಒನಕೆ ಸವೆದಿದೆಯಾ, ಭಾರ ಸರಿ ಕೂತಿದೆಯಾ ನೋಡಿ. ಹಿಂಡಿಯನ್ನು ಮುಷ್ಟಿಯಲ್ಲಿ ಹಿಸುಕಿದರೆ ಕೈಗೆ ಜಿಡ್ಡು ಅಂಟುತ್ತೆ, ಅದೇ ಗುರುತು.

ಕೊಬ್ಬರಿ ತೇವ 6 ಪರ್ಸೆಂಟ್ ಒಳಗಿರಬೇಕು. 100 ಗ್ರಾಂ ತೆಳ್ಳಗೆ ಹೆಚ್ಚಿ, ತೂಕ ಇನ್ನು ಇಳಿಯದಷ್ಟು ಒಣಗಿಸಿ. 94ಕ್ಕಿಂತ ಕೆಳಗೆ ಬಂದರೆ ಆ ಲಾಟಿಗೆ ದರ ಇಳಿಸಿ ಕೇಳಿ, ನೀರಿಗೂ 200 ಕೊಡಬೇಡಿ. ಇನ್ನೊಂದು, ನೀವು ಅರೆಯೋದು ಒಳ್ಳೇ ಉಂಡೆ ಕೊಬ್ಬರಿಯಾದರೆ ದಯವಿಟ್ಟು ನಿಲ್ಲಿಸಿ. ಅದು ತಿನ್ನೋಕೆ ಉತ್ತರದ ಕಡೆ ಹೋಗೋ ಮಾಲು. ಎಣ್ಣೆ ಕೊಬ್ಬರಿಯೇ ಬೇರೆ, ದರವೂ ಸಾಮಾನ್ಯವಾಗಿ ಕಡಿಮೆ. ಬೂಷ್ಟು ಹಿಡಿದದ್ದು ಮಾತ್ರ ಬೇಡ.

ಬಾಟಲಿ ವಾಪಸ್ ಬರ್ತಿದ್ದರೆ ಅದಕ್ಕೂ ತೇವವೇ ಕಾರಣ ಇರಬಹುದು, ಇಲ್ಲ ಗಸಿ. ಸ್ಟೀಲ್ ಡ್ರಮ್ಮಿನಲ್ಲಿ 3ರಿಂದ 5 ದಿನ ತಿಳಿಯಾಗಲು ಬಿಡಿ, ನಲ್ಲಿ ತಳದಿಂದ ಮೂರು ಇಂಚು ಮೇಲಿರಲಿ. ಆತುರಕ್ಕೆ ಬಿದ್ದು ಮಾರನೇ ದಿನವೇ ತುಂಬಿದರೆ ಬೇಗ ಕಮಟು ವಾಸನೆ ಹಿಡಿಯುತ್ತೆ.

ಕೇಳಿದವರು:
ವಾಪಸ್ ಬರ್ತಿದೆ ಅಣ್ಣ, ನಿಜ. ಹುಡುಗರಿಗೆ ಇಷ್ಟು ಅರೆದರೆ ಇಷ್ಟು ಇನಾಮು ಅಂತ ಇಟ್ಟಿದ್ದೆ. ಆದರೂ ಆರು ತಿಂಗಳಿಗೆ ಒಬ್ಬ ಬಿಟ್ಟು ಹೋಗ್ತಾನೆ.

ಗುಬ್ಬಿಯವರು:
ಕೆಜಿ ಮೇಲೆ ಇನಾಮು ಇಟ್ಟರೆ ಹುಡುಗರು ಬೇಗ ಬೇಗ ತೆಗೆದು ಮುಂದಿನದು ಹಾಕ್ತಾರೆ, ಎಣ್ಣೆ ಹಿಂಡಿಯಲ್ಲೇ ಹೋಗುತ್ತೆ. ಇನಾಮು ಇಳುವರಿ ಮೇಲಿರಲಿ: ವಾರದ ಸರಾಸರಿ 60 ದಾಟಿದರೆ ಇಬ್ಬರಿಗೂ ಸಮ. ತೂಕದ ಪುಸ್ತಕ ಅವರ ಕೈಯಲ್ಲೇ ಇರಲಿ, ವಾರಕ್ಕೆರಡು ಸಲ ನೀವೇ ನಿಂತು ತೂಗಿ ಅದರ ಜೊತೆ ತಾಳೆ ನೋಡಿ. ಕೂಲಿ ತಾರೀಕು ತಪ್ಪಿಸಬೇಡಿ. ಕೈಸಾಲದ ವಾರದಲ್ಲಿ ಮೊದಲು ಮುಂದಕ್ಕೆ ಹೋಗೋದು ಕೂಲಿಯೇ, ಜನ ಬಿಟ್ಟು ಹೋಗೋಕೆ ಅಷ್ಟು ಸಾಕು. ಗಾಣದವನಿಗೆ ಬಾಟಲಿ ತುಂಬೋದು, ತುಂಬೋನಿಗೆ ಗಾಣ, ಇಬ್ಬರಿಗೂ ಎರಡೂ ಬರಲಿ.

ಉತ್ತರ (ಡಿಸ್ಟ್ರಿಬ್ಯೂಷನ್ ಸಲಹೆಗಾರರು, ಚಿಕ್ಕಬಳ್ಳಾಪುರ):
60 ಅಂಗಡಿಯ ಪಟ್ಟಿ ತೆಗೆದು ಪ್ರತಿ ಹೆಸರಿನ ಮುಂದೆ ಎರಡೇ ಅಂಕಿ ಬರೆಯಿರಿ ಸರ್: ತಿಂಗಳಿಗೆ ಎಷ್ಟು ಲೀಟರ್, ಬಾಕಿ ಎಷ್ಟು ದಿನದ್ದು. ಲೀಟರ್ ಕಡಿಮೆ, ದಿನ ಜಾಸ್ತಿ ಇರೋ ಅಂಗಡಿಗಳನ್ನು ಬಿಟ್ಟುಬಿಡಿ. ಬ್ಯಾನರ್, ಫೇಸ್‌ಬುಕ್ ಜಾಹೀರಾತಿಗಿಂತ ಅದು ದೊಡ್ಡ ಮಾರ್ಕೆಟಿಂಗ್.

ಉಳಿದವರಿಗೆ ಹಳೇ ಬಿಲ್ಲು ಕೊಟ್ಟರೆ ಹೊಸ ಮಾಲು. ಒಂದೇ ದಿನ ಎಲ್ಲರಿಗೂ ಹೇಳಬೇಡಿ, ವಾರಕ್ಕೊಂದು ರೂಟಿನಂತೆ ಶುರುಮಾಡಿ. ಏಳು ದಿನದಲ್ಲಿ ಕೊಡುವವರಿಗೆ 1.5 ಪರ್ಸೆಂಟ್ ಬಿಡಬಹುದು. ವರ್ಷಕ್ಕೆ 12 ಪರ್ಸೆಂಟ್ ಬಡ್ಡಿಯ ದುಡ್ಡಿಗೆ 45 ದಿನದ ಬೆಲೆ ಅಷ್ಟೇ. 3 ಪರ್ಸೆಂಟ್ ಬಿಟ್ಟರೆ ಲೀಟರ್‌ಗೆ ಉಳಿಯೋ ನಿಮ್ಮ 37ರಲ್ಲಿ 11 ಹೋಗುತ್ತೆ.

ಚಳಿಗಾಲದ ಮಾತೂ ಹೇಳ್ತೀನಿ. 24 ಡಿಗ್ರಿ ಸುತ್ತಮುತ್ತ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತೆ. ಡಿಸೆಂಬರ್, ಜನವರಿಯಲ್ಲಿ ಸಣ್ಣ ಬಾಯಿಯ ಬಾಟಲಿ ಕಪಾಟಿನಲ್ಲೇ ಕೂರುತ್ತೆ, ಕಲಬೆರಕೆ ಅಂತ ಗಿರಾಕಿ ಅನುಮಾನ ಪಡ್ತಾರೆ. ನವೆಂಬರ್‌ನಿಂದಲೇ ಅಗಲ ಬಾಯಿಯ ಡಬ್ಬಿಗೆ ಬದಲಾಯಿಸಿ, ‘ಚಳಿಗೆ ಗಟ್ಟಿಯಾಗುವುದು ಸಹಜ, ಬಿಸಿನೀರಿನಲ್ಲಿಡಿ’ ಅಂತ ಒಂದು ಚೀಟಿ ಅಂಟಿಸಿ.

ಕೇಳಿದವರು:
ತುಮಕೂರಿನ ಒಂದು ದೊಡ್ಡ ಸೂಪರ್ ಮಾರ್ಕೆಟ್ 90 ದಿನ ಅಂತಿದೆ. 2.6 ಲಕ್ಷ ಅಲ್ಲೇ ಇದೆ. ಕಾನೂನಿದೆ ಅಂತಾರಲ್ಲ?

ಲೆಕ್ಕಪರಿಶೋಧಕರು:
ಇದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಆಗಿದ್ದರೆ 2006ರ ಎಂಎಸ್‌ಎಂಇ, ಅಂದ್ರೆ ಸಣ್ಣ ಉದ್ಯಮಗಳ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸೋ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದರ ಮೇಲೆ ಈ ಅವಧಿ ಮೀರಿ ಬಾಕಿ ಉಳಿಸಿಕೊಂಡರೆ, ಕೊಡುವವರೆಗೂ ಆ ಖರ್ಚನ್ನು ಅವರು ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಿಕೊಳ್ಳೋಕೆ ಆಗಲ್ಲ. ಅವರ ಅಕೌಂಟೆಂಟ್‌ಗೆ ನಾಟೋದು ಇದೇ. ನೋಂದಣಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ಬಿಲ್ಲಿನ ಮೇಲೆ ಆ ನಂಬರ್ ಅಚ್ಚು ಹಾಕಿಸಿ, ಜನವರಿ ಕೊನೆಗೆ ಬಾಕಿ ಪಟ್ಟಿ ಕಳಿಸಿ. ಮಾರ್ಚ್‌ಗೆ ಮುಂಚೆ ಅವರೇ ಫೋನ್ ಮಾಡುವ ಸಾಧ್ಯತೆ ಹೆಚ್ಚು. ಬೀದಿ ಕೊನೆಯ ಕಿರಾಣಿ ಅಂಗಡಿಗೆ ಮಾತ್ರ ಈ ಕಾನೂನು ಹೇಳೋಕೆ ಹೋಗಬೇಡಿ. ಅವರಲ್ಲಿ ಬಹಳ ಜನ ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟೋರು, ಅವರಿಗೆ ಇದು ತಟ್ಟಲ್ಲ, ನಿಮಗೆ ಅಂಗಡಿ ತಪ್ಪುತ್ತೆ.

ಕೇಳಿದವರು:
ಸರಿ ಸರ್. ನಾಳೆ ಮೊದಲು ಟಿನ್ ದರ ತಿದ್ದುತ್ತೀನಿ, ತೂಕದ ಪುಸ್ತಕ ಸೋಮವಾರದಿಂದ.