ಸಭೆಯಲ್ಲಿ ಕಪ್ಪು ಬಟ್ಟೆ ತೋರಿಸಿದ್ದಕ್ಕೆ ಹೊಡೆದರು, ಕೇಸ್ ಆಗಲ್ವಾ?

ಪ್ರಶ್ನೆ (ಅಂಕೋಲಾ): ವಕೀಲರೇ, ನಮ್ಮದು ಮೀನುಗಾರರ ಮನೆ. ನಿನ್ನೆ ಒಂದು ಪಕ್ಷದ ಸಭೆಯಲ್ಲಿ ನನ್ನ ತಮ್ಮ "ಬಂದರು ಯೋಜನೆ ಬೇಡ" ಅಂತ ಕಪ್ಪು ಬಟ್ಟೆ ಎತ್ತಿ ಹಿಡಿದ. ಏಳೆಂಟು ಜನ ಸುತ್ತುವರಿದು ಬಾವುಟದ ಕೋಲಲ್ಲಿ ಹೊಡೆದರು. ಹುಬ್ಬಿಗೆ ಮೂರು ಹೊಲಿಗೆ. ಠಾಣೆಯಲ್ಲಿ "ನೀನ್ಯಾಕೆ ಅಲ್ಲಿಗೆ ಹೋದೆ?" ಅಂತ ಕೇಳಿ, ಎಫ್‌ಐಆರ್ ಹಾಕದೆ ಬರೀ ಎನ್‌ಸಿ (ಸಣ್ಣ ಅಪರಾಧ ಅಂತ ನಮೂದು) ಮಾಡಿ ಕಳಿಸಿದರು. ತಪ್ಪು ಅವನದ್ದೇನಾ?

ಉತ್ತರ (ವಕೀಲ, ಕಾರವಾರ): ಅಲ್ಲ ಅಕ್ಕ. ಆಯುಧ ಇಲ್ಲದೆ, ಶಾಂತವಾಗಿ ಸೇರುವ ಹಕ್ಕು, ಮಾತಾಡುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಸುಮ್ನೆ ಕಪ್ಪು ಬಟ್ಟೆ ಹಿಡಿದು ನಿಂತರೆ ಅದು ಅಪರಾಧ ಆಗುವುದಿಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರಿನವರಿಗೆ "ಯಾಕೆ ಹೋದೆ" ಅಂತ ಕೇಳುವುದು ನನಗೆ ನಿಜಕ್ಕೂ ಬೇಸರ ತರಿಸಿತು.

ಈಗ ಕೆಲಸದ ಮಾತು. ದೂರಿನಲ್ಲಿ ಬರೀ "ಹೊಡೆದರು" ಅಂತ ಬರೆದರೆ ಅದು ಎನ್‌ಸಿಗೇ ಹೋಗುತ್ತದೆ. ಎಷ್ಟು ಜನ, ಕೈಯಲ್ಲಿ ಏನಿತ್ತು, ಎಲ್ಲಿ ಬಿತ್ತು, ಎಲ್ಲ ಬರೆಯಿರಿ. ಐದು ಅಥವಾ ಜಾಸ್ತಿ ಜನ ಗುಂಪುಗೂಡಿ ಹಿಂಸೆ ಮಾಡಿದರೆ ಅದು ಭಾರತೀಯ ನ್ಯಾಯಸಂಹಿತೆಯ (ಹಿಂದಿನ ಐಪಿಸಿ ಬದಲು ಬಂದದ್ದು) 191ರ ಪ್ರಕಾರ ದೊಂಬಿ. ಅದಕ್ಕೆ ಎಫ್‌ಐಆರ್ ಆಗಲೇಬೇಕು. ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗಾಗಿ ಗಾಯದ ದಾಖಲೆ, ಆಗಿದೆಯಾ ನೋಡಿ, ಆ ನಂಬರ್ ದೂರಿನಲ್ಲಿ ಹಾಕಿ. ಠಾಣೆಯಲ್ಲಿ ಮತ್ತೂ ತಗೊಳ್ಳದಿದ್ದರೆ ಎಸ್‌ಪಿಗೆ ದೂರನ್ನು ಅಂಚೆಯಲ್ಲಿ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ.

ಪ್ರಶ್ನೆ (ಶಿರಸಿ): ಚುನಾವಣೆ ಸಭೆಯಲ್ಲಿ ಘೋಷಣೆ ಕೂಗಿದರೂ ಹೀಗೇನಾ?

ಉತ್ತರ: ಅಲ್ಲಿ ಹುಷಾರು. ಚುನಾವಣೆಯ ಅಧಿಸೂಚನೆ ಹೊರಟ ಮೇಲೆ ಸಭೆಯೇ ನಡೆಯದಂತೆ ಗಲಾಟೆ ಮಾಡಿದರೆ ಪ್ರಜಾಪ್ರತಿನಿಧಿ ಕಾಯ್ದೆಯ 127ರಡಿ 6 ತಿಂಗಳವರೆಗೆ ಜೈಲಾಗಬಹುದು. ಅವರ ಮೈದಾನದ ಒಳಗೆ ನುಗ್ಗಬೇಡಿ, ಹೊರಗೆ ರಸ್ತೆ ಬದಿ ನಿಲ್ಲಿ. ನಾಗರಿಕ ಸುರಕ್ಷಾ ಸಂಹಿತೆಯ 163ರ ನಿಷೇಧಾಜ್ಞೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ, ಹಿಂದೆ 144 ಅಂತಿದ್ದರಲ್ಲ, ಅದೇ. ಇನ್ನೊಂದು ಮಾತು, ಇದನ್ನು ಹುಡುಗರಿಗೆ ನೂರು ಸಲ ಹೇಳಿದ್ದೇನೆ: ನಿಮ್ಮ ಕಡೆಯವನೇ ಕಲ್ಲು ಎತ್ತಿಕೊಂಡರೆ ಆ ಕ್ಷಣವೇ ಅಲ್ಲಿಂದ ಹೊರಡಿ. ಗುಂಪಲ್ಲೇ ನಿಂತಿದ್ದರೆ ಅವನ ಕೇಸು ನಿಮ್ಮ ತಲೆಗೂ ಬರುತ್ತದೆ.

ಪ್ರಶ್ನೆ (ಅಂಕೋಲಾ): ರಕ್ತ ಆದ ಅಂಗಿಯನ್ನು ಅಮ್ಮ ರಾತ್ರಿಯೇ ಒಗೆದುಬಿಟ್ಟಿದ್ದಾರೆ.

ಉತ್ತರ: ಅಮ್ಮನಿಗೆ ಏನೂ ಅನ್ನಬೇಡಿ. ಎಂಎಲ್‌ಸಿ ಇದ್ದರೆ ಅದೇ ದೊಡ್ಡ ಆಧಾರ. ಅಂಗಿ ಹರಿದಿದ್ದರೆ ಅದೂ ಬೇಕು. ಪೂರ್ತಿ ಒಣಗಿದ ಮೇಲೆ ಕಾಗದದ ಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಬೇಡ. ನಾಳೆ ತಮ್ಮನನ್ನೂ ಕರೆದುಕೊಂಡು ಬನ್ನಿ, ದೂರು ಕೂತು ಬರೆಯೋಣ.