ಹಳೇ ಈ ಪಿಸಿ (Eee PC) 701 ನೆಟ್‌ಬುಕ್: ರಿಪೇರಿ ಅಣ್ಣನ್ನ ಕೇಳಿ

ಗುಬ್ಬಿ: ಅಣ್ಣ, ಆಸುಸ್ ಕಂಪನಿದು ಈ ಪಿಸಿ 701 ಅನ್ನೋ ಪುಟ್ಟ ಲ್ಯಾಪ್‌ಟಾಪ್ ಇದೆ, 4 ಜಿಬಿದು. ಅಪ್ಪ ಹೋಗೋವರೆಗೂ ಇದ್ರಲ್ಲೇ ಡೈರಿ ಟೈಪ್ ಮಾಡ್ತಿದ್ರು. ಈಗ ಡಿಸ್ಕ್ ಫುಲ್ ಅಂತ ಬರ್ತಿದೆ, ಅದ್ರ ಜೊತೆ ಬಂದಿದ್ದ ಗೇಮ್ಸ್ ಎಲ್ಲ ಡಿಲೀಟ್ ಮಾಡಿದೆ, ಜಾಗ ಒಂಚೂರೂ ಹೆಚ್ಚಾಗ್ಲಿಲ್ಲ. ಎಫ್9 ಒತ್ತಿ ರೀಸ್ಟೋರ್ ಕೊಟ್ರೆ ಹೊಸದರ ತರ ಆಗುತ್ತೆ ಅಂತ ಫಾರ್ವರ್ಡ್ ಬಂದಿದೆ, ಮಾಡ್ಲಾ? ಚಾರ್ಜರ್ ಕಳೆದೋಗಿದೆ, ಇದೇ ಕಂಪನಿಯ 901 ಮಾಡೆಲ್‌ದು ಪಿನ್ ಕೂರುತ್ತೆ ಅಂತ ಅದನ್ನೇ ಹಾಕ್ತಿದೀನಿ.

ಕುತೂಹಲಿ: ವಿಂಡೋಸ್ 10 ಹಾಕ್ಬಹುದಾ ಸರ್?

ರಿಪೇರಿ ಅಣ್ಣ: ಕುತೂಹಲಿ, ಬೇಡ.

ಗುಬ್ಬಿ ಮೇಡಂ, ಮೊದ್ಲು ಆ ಚಾರ್ಜರ್ ಕೀಳಿ, ಆಮೇಲೆ ಮುಂದೆ ಓದಿ. 701ಕ್ಕೆ ಬೇಕಾದ್ದು 9.5 ವೋಲ್ಟ್, 901ರದ್ದು 12. ಪಿನ್ ಕೂತ್ರೆ ಹೊಂದುತ್ತೆ ಅಂತ ಅಲ್ಲ. ಇಷ್ಟು ದಿನ ಏನೂ ಆಗಿಲ್ಲ ಅಂದ್ರೆ ನಿಮ್ಮ ಪುಣ್ಯ. ಬೋರ್ಡ್ ಸುಟ್ರೆ ಅಪ್ಪನ ಡೈರಿನೂ ಅದ್ರ ಜೊತೆಗೇ ಹೋಗುತ್ತೆ, ಯಾಕಂದ್ರೆ ಇದ್ರ 4 ಜಿಬಿ ಚಿಪ್ ಬೋರ್ಡಿಗೇ ಬೆಸುಗೆ ಹಾಕಿರೋದು, ಹಾರ್ಡ್ ಡಿಸ್ಕ್ ತರ ಬಿಚ್ಚಿ ಇನ್ನೊಂದಕ್ಕೆ ಹಾಕಿ ನೋಡೋಕಾಗಲ್ಲ.

ಎಫ್9 ಮುಟ್ಲೇಬೇಡಿ. ಇದ್ರಲ್ಲಿ ವಿಂಡೋಸ್ ಬದಲು ಇರೋ ಕ್ಸಾಂಡ್ರೋಸ್ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಡಿಸ್ಕನ್ನ ಎರಡು ಭಾಗ ಮಾಡ್ಕೊಂಡಿರುತ್ತೆ. ಕಂಪನಿ ತುಂಬಿ ಕಳಿಸಿದ್ದು ಒಂದ್ರಲ್ಲಿ, ಅದು ಓದೋಕೆ ಮಾತ್ರ, ನೀವು ಬರೆದಿದ್ದೆಲ್ಲ ಇನ್ನೊಂದ್ರಲ್ಲಿ. ನೀವು ಗೇಮ್ ಡಿಲೀಟ್ ಮಾಡಿದಾಗ "ಇದನ್ನ ಇನ್ಮೇಲೆ ತೋರಿಸ್ಬೇಡ" ಅಂತ ಎರಡನೇದ್ರಲ್ಲಿ ಒಂದು ಗುರುತು ಬೀಳುತ್ತೆ ಅಷ್ಟೇ, ಗೇಮ್ ಅಲ್ಲೇ ಇರುತ್ತೆ. ಜಾಗ ಎಲ್ಲಿಂದ ಬರ್ಬೇಕು? ರೀಸ್ಟೋರ್ ಕೊಟ್ರೆ ಒರೆಸಿ ಹೋಗೋದು ಎರಡನೇ ಭಾಗ. ಅಂದ್ರೆ ಡೈರಿ. ಫಾರ್ವರ್ಡ್ ಮಾಡಿದ ಪುಣ್ಯಾತ್ಮ ಅದನ್ನ ಬರೆದಿರಲ್ಲ.

9.5 ವೋಲ್ಟ್ ಚಾರ್ಜರ್ ಸಿಕ್ಕಿದ ಮೇಲೆ ಆನ್ ಮಾಡಿ, ಪಕ್ಕದಲ್ಲಿ ಎಸ್‌ಡಿ ಕಾರ್ಡ್ ಹಾಕಿ ಡೈರಿ ಕಾಪಿ ಮಾಡ್ಕೊಳ್ಳಿ. ಡೆಸ್ಕ್‌ಟಾಪೇ ಬರ್ಲಿಲ್ಲ ಅಂದ್ರೆ 32 ಬಿಟ್ ಲಿನಕ್ಸ್ ಇರೋ ಪೆನ್‌ಡ್ರೈವ್ ಹಾಕಿ, ಆನ್ ಆಗ್ತಿದ್ದಂಗೇ ಎಸ್ಕೇಪ್ ಒತ್ತಿ, ಅದ್ರಿಂದ ಬೂಟ್ ಮಾಡಿ ತೆಗೀಬಹುದು.

ತಗಡುಡಬ್ಬಿ: ಈ ಆಟಿಕೆಗೆ ಇಷ್ಟುದ್ದ ಉತ್ತರನಾ! 7 ಇಂಚು ಪರದೆ, 800x480, ಸೆಟಿಂಗ್ಸ್ ತೆಗೆದ್ರೆ ಓಕೆ ಬಟನ್ ಪರದೆ ಕೆಳಗಡೆ ಪಾತಾಳದಲ್ಲಿರುತ್ತೆ. 900 ಮೆಗಾಹರ್ಟ್ಸ್ ಸೆಲೆರಾನ್ ಅಂತ ಹೇಳಿ 630ಕ್ಕೆ ಇಳಿಸಿ ಕೊಟ್ಟಿದ್ರು.

ಲಿನಕ್ಸಪ್ಪ: ಆಲ್ಟ್ ಕೀ ಹಿಡ್ಕೊಂಡು ಮೌಸಲ್ಲಿ ಕಿಟಕಿನ ಮೇಲಕ್ಕೆ ಎಳೀರಿ, ಓಕೆ ಕಾಣುತ್ತೆ. 2007ರಲ್ಲಿ 920 ಗ್ರಾಮಿಗೆ ಪೂರ್ತಿ ಕಂಪ್ಯೂಟರ್ ಇನ್ಯಾರು ಇಷ್ಟು ಕಮ್ಮಿ ಬೆಲೆಗೆ ಕೊಟ್ಟಿದ್ರು? ಒಳಗೆ ತಿರುಗೋ ಡಿಸ್ಕ್ ಇಲ್ಲ, ಕುಲುಕಿದ್ರೂ ಏನಾಗಲ್ಲ.

ತಗಡುಡಬ್ಬಿ: ಆ ಕೀಬೋರ್ಡಲ್ಲಿ ಟೈಪ್ ಮಾಡೋಕೆ ಕೋಳಿ ಕಾಲು ಬೇಕು.

ಲಿನಕ್ಸಪ್ಪ: ಅವ್ರಪ್ಪ ಡೈರಿನೇ ಬರೆದಿದಾರೆ ಅದ್ರಲ್ಲಿ, ನಿಮಗೇನ್ರೀ ಕಷ್ಟ?

ಪುಟ್ಟಕ್ಕ: ಸರ್, ನನ್ನದ್ರಲ್ಲಿ ಸ್ಪೇಸ್ ಬಾರ್ ಬಲಗಡೆ ಒತ್ತಿದ್ರೆ ಕೆಲಸ ಮಾಡಲ್ಲ.

ಕುತೂಹಲಿ: ವಿಂಡೋಸ್ 7 ಆದ್ರೂ? ರ‍್ಯಾಮ್ 2 ಜಿಬಿ ಹಾಕಿದ್ರೆ?

ರಿಪೇರಿ ಅಣ್ಣ: ರ‍್ಯಾಮ್ ಹಾಕ್ಬಹುದು, ಸ್ಲಾಟ್ ಒಂದೇ ಇರೋದು, ಈಗಿರೋ 512 ಎಂಬಿದು ತೆಗೆದು ಹಾಕ್ಬೇಕು. ಡಿಸ್ಕ್ 4 ಜಿಬಿನೇ. ಲೆಕ್ಕ ನೀವೇ ಮಾಡಿ.

ಶುಭೋದಯ ಬಳಗ: ಹಳೇ ಬ್ಯಾಟರಿ ಕವರಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಲ್ಲಿಟ್ರೆ ಮತ್ತೆ ಜೀವ ಬರುತ್ತೆ 🙏 ಎಲ್ಲರಿಗೂ ಶೇರ್ ಮಾಡಿ

ರಿಪೇರಿ ಅಣ್ಣ: ಇಡ್ಬೇಡಿ. ಲಿಥಿಯಂ ಬ್ಯಾಟರಿ ಸವೆದಿದ್ರೆ ಸವೆದಂಗೇ, ಹೊರಗೆ ತೆಗೆದಾಗ ಪಸೆ ಕಟ್ಟುತ್ತೆ, ಅದನ್ನ ಹಂಗೇ ಚಾರ್ಜಿಗೆ ಹಾಕೋರೂ ಇದಾರೆ. ಇನ್ನೊಂದ್ಸಲ ಇಂಥದ್ದು ಹಾಕಿದ್ರೆ ಅಡ್ಮಿನ್ ನೋಡ್ಕೊಳ್ಳಿ.

ಶುಭೋದಯ ಬಳಗ: ಒಳ್ಳೇದಕ್ಕೆ ಹಾಕಿದ್ದು ಸರ್, ಇಷ್ಟು ಕೋಪ ಯಾಕೆ

ತಗಡುಡಬ್ಬಿ: ಇಡೀ ನೆಟ್‌ಬುಕ್ಕೇ ಫ್ರೀಜರಲ್ಲಿಡಿ, ಸ್ಪೀಡ್ ಅಷ್ಟೇ ಇರುತ್ತೆ 😂

ಲಿನಕ್ಸಪ್ಪ: ನಿಮ್ಮ ಹತ್ರ ಇಲ್ವಲ್ಲ, ಸುಮ್ನಿರ್ರೀ.

ಪುಟ್ಟಕ್ಕ: ನನ್ ಸ್ಪೇಸ್ ಬಾರ್??

ಕುತೂಹಲಿ: ಎಸ್‌ಡಿ ಕಾರ್ಡಲ್ಲಿ ವಿಂಡೋಸ್ 10 ಹಾಕಿದ್ರೆ?

ರಿಪೇರಿ ಅಣ್ಣ: ಮೇಲೆ ಓದ್ರಪ್ಪಾ.

ಗುಬ್ಬಿ: ಅಣ್ಣ, 9.5 ಎಲ್ಲೂ ಸಿಗ್ತಿಲ್ಲ. ಮನೇಲಿ ರೂಟರ್‌ದು 9 ವೋಲ್ಟ್ ಇದೆ, ಅರ್ಧ ತಾನೇ ಕಮ್ಮಿ?

ರಿಪೇರಿ ಅಣ್ಣ: ಅದ್ರ ಮೇಲೆ ಆಂಪಿಯರ್ ಎಷ್ಟು ಬರೆದಿದೆ ಓದಿದ್ರಾ? ಇದಕ್ಕೆ 2ಕ್ಕಿಂತ ಜಾಸ್ತಿ ಬೇಕು. ಏನೂ ಹಾಕ್ಬೇಡಿ, ಮುಚ್ಚಿಡಿ. ಡೈರಿ ಎಲ್ಲೂ ಓಡಿಹೋಗಲ್ಲ.