ಫೈಬರ್‌ಗ್ಲಾಸ್ ಹಾಯಿದೋಣಿಯ ತಳದಲ್ಲಿ ತೇವಾಂಶದ ಅಂಕಿ ವಿಪರೀತ: ಕೊಳ್ಳಬಹುದೇ, ಕೈಬಿಡಬೇಕೇ?

ಪ್ರಶ್ನೆ | ಚೆಸಪೀಕ್ ದಡದವ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯ ಕಡೆಯವನು. ಈಗ ಅಮೆರಿಕದ ಮೇರಿಲ್ಯಾಂಡಿನಲ್ಲಿ, ಅನಾಪೊಲಿಸ್ ಪಟ್ಟಣದ ಹತ್ತಿರ ವಾಸವಾಗಿದ್ದೇನೆ. ನಾಲ್ಕು ಬೇಸಿಗೆ ಸ್ನೇಹಿತರ ದೋಣಿಗಳಲ್ಲಿ ಹಗ್ಗ ಎಳೆದು ಕಲಿತ ಮೇಲೆ, 1984ರಲ್ಲಿ ತಯಾರಾದ 30 ಅಡಿಯ ಹಾಯಿದೋಣಿಯೊಂದನ್ನು ಕೊಳ್ಳುವ ಮಾತುಕತೆ ನಡೆಸಿದ್ದೇನೆ. ದೋಣಿಯ ಒಡಲು ಪೂರ್ತಿ ಗಟ್ಟಿ ಫೈಬರ್‌ಗ್ಲಾಸ್. ಡೆಕ್, ಅಂದರೆ ಓಡಾಡುವ ಮೇಲ್ಹಾಸು, ಮಾತ್ರ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರದ ತುಂಡುಗಳನ್ನಿಟ್ಟು ಮಾಡಿದ್ದು.

ಕಳೆದ ವಾರ ದೋಣಿಯನ್ನು ನೀರಿನಿಂದ ಎತ್ತಿಸಿ, ತಳದ ಪಾಚಿಯನ್ನು ಜೆಟ್‌ನಿಂದ ತೊಳೆಸಿ, ಸುಮಾರು ಒಂದು ಗಂಟೆ ಕಳೆದ ಮೇಲೆ ದೋಣಿ ತಪಾಸಣೆ ಮಾಡುವ ಸರ್ವೇಯರ್ ತೇವಾಂಶದ ಮೀಟರ್ ಹಿಡಿದು ನೋಡಿದರು. 0ಯಿಂದ 100ರವರೆಗಿನ ಮಾಪಕದಲ್ಲಿ ತಳದ ಉದ್ದಕ್ಕೂ 65ರಿಂದ 80, ನೀರಿನ ಗೆರೆಯ ಮೇಲ್ಗಡೆ 15ರ ಆಸುಪಾಸು ಬಂತು. ಚುಕ್ಕಾಣಿಯ ಮೇಲಿಟ್ಟಾಗ ಮುಳ್ಳು ತುದಿಗೇ ಹೋಗಿ ನಿಂತಿತು. ತಳದಡಿಯ ಭಾರದ ರೆಕ್ಕೆಯಾದ ಕೀಲ್‌ನ ಹಿಂಬದಿಯಲ್ಲಿ ಕಡಲೆಕಾಳಿನ ಗಾತ್ರದ ಒಂಬತ್ತು ಗುಳ್ಳೆಗಳಿದ್ದು, ಒಂದನ್ನು ಚುಚ್ಚಿದಾಗ ಕಂದುಬಣ್ಣದ ದ್ರವ ಚಿಮ್ಮಿ ವಿನಿಗರ್‌ನಂಥ ಹುಳಿ ವಾಸನೆ ಬಂತು. ವರದಿಯ ಕೊನೆಯ ಪುಟದಲ್ಲಿ, ಕೂವೆಕಂಬದ ತಂತಿಗಳನ್ನು ಕಟ್ಟುವ ಚೈನ್‌ಪ್ಲೇಟುಗಳು ಡೆಕ್‌ನ್ನು ಹಾದುಬರುವಲ್ಲಿ 90 ಇತ್ತೆಂದು ಒಂದು ಸಾಲು ಬರೆದಿದ್ದಾರೆ.

ಒಡಲಿನ ಹೊರಮೈಯ ನುಣುಪು ಪದರವಾದ ಜೆಲ್‌ಕೋಟನ್ನು ಪೂರ್ತಿ ಸುಲಿದು, ಒಣಗಿಸಿ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ಬಳಿಯದೆ ಈ ದೋಣಿಯನ್ನು ನೀರಿಗಿಳಿಸುವುದು ತಪ್ಪೆಂದು ಒಂದು ಬೋಟ್‌ಯಾರ್ಡಿನವರು ಹೇಳುತ್ತಾರೆ; ಅವರು ಕೇಳುತ್ತಿರುವ ಮೊತ್ತ ದೋಣಿಯ ಬೆಲೆಯ ಅರ್ಧಕ್ಕಿಂತ ಹೆಚ್ಚು. ಹಳೆಯ ದೋಣಿಗಳೆಲ್ಲ ಹೀಗೇ, ಚಿಂತೆ ಬೇಡ ಎಂಬುದು ಮಾರುವವರ ಮಾತು. 80 ಎಂದರೆ ನೂರಕ್ಕೆ ಎಂಬತ್ತು ಪಾಲು ನೀರೆಂದಂತೂ ಅಲ್ಲ ಎಂದು ನನಗೆ ಗೊತ್ತು. ಆದರೆ ಮತ್ತೇನೆಂದು ಗೊತ್ತಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ 1 | ಸೊಲೆಂಟ್ ತೀರ

ನಮಸ್ಕಾರ. ನಾನು ಇಂಗ್ಲೆಂಡಿನ ಸೌತಾಂಪ್ಟನ್ ಬಳಿ ಇದ್ದೇನೆ. ಇಂಥದ್ದೇ ಅಂಕಿಗಳಿದ್ದ ಒಂದು ದೋಣಿಯನ್ನು ಹನ್ನೆರಡು ವರ್ಷಗಳಿಂದ ಸಾಕುತ್ತಿದ್ದೇನೆ, ಸಾಕುವುದು ಎಂಬ ಪದವನ್ನು ತಿಳಿದೇ ಬಳಸಿದ್ದೇನೆ.

ಮೊದಲು ಮೀಟರಿನ ವಿಷಯ. ಸರ್ವೇಯರುಗಳು ಹಿಡಿಯುವ ಟ್ರಾಮೆಕ್ಸ್ ಸ್ಕಿಪ್ಪರ್‌ನಂಥ ಉಪಕರಣಗಳು ನೀರನ್ನು ಅಳೆಯುವುದಿಲ್ಲ. ತಮ್ಮೆದುರಿನ ವಸ್ತುವಿನ ವಿದ್ಯುತ್ ಗುಣವನ್ನು ಅಳೆಯುತ್ತವೆ. ಒಣಗಿದ ಫೈಬರ್‌ಗ್ಲಾಸಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಸ್ತು ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) 4–5ರ ಸುತ್ತಮುತ್ತ ಇದ್ದರೆ ನೀರಿನದು ಸುಮಾರು 80, ಆದ್ದರಿಂದ ಚಿಟಿಕೆಯಷ್ಟು ನೀರು ಸೇರಿದರೂ ಮುಳ್ಳು ಹಾರಿಬಿಡುತ್ತದೆ. ಆ ನೀರು ಬಣ್ಣದ ಪದರದಲ್ಲಿದೆಯೋ, ಜೆಲ್‌ಕೋಟಿನಲ್ಲಿದೆಯೋ, ಒಡಲಿನ ಆಳದಲ್ಲಿದೆಯೋ, ಒಳಗೆ ಬಿಲ್ಜ್‌ನಲ್ಲಿ, ಅಂದರೆ ದೋಣಿಯೊಳಗಿನ ತೀರ ಕೆಳಗಿನ ಗುಂಡಿಯಲ್ಲಿ, ನಿಂತಿದೆಯೋ ಎಂಬುದನ್ನು ಮೀಟರ್ ಬೇರ್ಪಡಿಸಿ ಹೇಳಲಾರದು. ಒಳಬದಿಯ ಲೋಹದ ಟ್ಯಾಂಕು, ವಿದ್ಯುತ್ ತಂತಿ, ಮೇಲ್ಮೈಯ ಉಪ್ಪು, ಪಾಚಿ ಕಟ್ಟದಂತೆ ತಳಕ್ಕೆ ಬಳಿಯುವ ಆಂಟಿಫೌಲಿಂಗ್ ಬಣ್ಣದ ತಾಮ್ರ, ಇವೆಲ್ಲವೂ ಅಂಕಿಯನ್ನು ಏರಿಸುತ್ತವೆ. ಎತ್ತಿದ ಒಂದೇ ಗಂಟೆಯಲ್ಲಿ, ಹಳೆಯ ಬಣ್ಣದ ಮೇಲೆಯೇ ತೆಗೆದ ಅಂಕಿಗೆ ನಾನಾದರೆ ಹೆಚ್ಚಿನ ಬೆಲೆ ಕೊಡುವುದಿಲ್ಲ.

ಇನ್ನು ನೀರಿನ ಪ್ರಮಾಣ. ಪಾಲಿಯೆಸ್ಟರ್ ರೆಸಿನ್ನಿನ (ಗಾಜಿನ ಎಳೆಗಳನ್ನು ಹಿಡಿದಿಡುವ ಅಂಟಿನ) ಒಡಲು ವರ್ಷಗಟ್ಟಲೆ ನೆನೆದರೂ ತೂಕದಲ್ಲಿ ನೂರಕ್ಕೆ ಸುಮಾರು ಎರಡು ಪಾಲು ನೀರನ್ನಷ್ಟೇ ಹೀರುತ್ತದೆ. ನಿಮ್ಮ ದೋಣಿಯ ತಳದಲ್ಲಿ 1,000 ಕಿಲೊ ಫೈಬರ್ ಇದೆಯೆಂದು ಇಟ್ಟುಕೊಂಡರೆ ಅದು 20 ಕಿಲೊ, ಅಂದರೆ ಒಂದು ದೊಡ್ಡ ಕೊಡ ನೀರು. ಇಷ್ಟರಿಂದ ದೋಣಿ ಮುಳುಗುವುದಿಲ್ಲ, ಮುರಿಯುವುದೂ ಇಲ್ಲ. ತೊಂದರೆ ಮಾಡುವುದು ನೀರಿನ ಭಾರವಲ್ಲ, ಒಳಗೆ ಅದು ನಡೆಸುವ ರಸಾಯನ ಕ್ರಿಯೆ. ರೋಡ್ ಐಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು 1987ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್‌ಗಾಗಿ ಈ ಗುಳ್ಳೆಗಳ ಕಾರಣವನ್ನು ವಿವರವಾಗಿ ಪರಿಶೀಲಿಸಿದ್ದರು: ಜೆಲ್‌ಕೋಟಿನ ಮೂಲಕ ಒಳಗೆ ಹೋದ ನೀರು ರೆಸಿನ್ನಿನಲ್ಲಿ ಉಳಿದುಹೋದ ಕರಗುವ ಪದಾರ್ಥಗಳನ್ನು ಕರಗಿಸಿಕೊಂಡು ದ್ರಾವಣವಾಗುತ್ತದೆ, ಆ ದ್ರಾವಣ ಮತ್ತಷ್ಟು ನೀರನ್ನು ಎಳೆದುಕೊಳ್ಳುತ್ತದೆ, ಒತ್ತಡ ಹೆಚ್ಚಿದಾಗ ಗುಳ್ಳೆ ಏಳುತ್ತದೆ. ಹೊರಗಿನ ನೀರಿನಲ್ಲಿ ಉಪ್ಪು ಕಡಿಮೆಯಿದ್ದಷ್ಟೂ ಈ ಸೆಳೆತ ಜೋರು; ಕಡಲಿನ ದೋಣಿಗಿಂತ ಸಿಹಿನೀರ ಸರೋವರದ ದೋಣಿಯಲ್ಲಿ, ತಣ್ಣೀರಿಗಿಂತ ಬೆಚ್ಚನೆಯ ನೀರಿನಲ್ಲಿ ಗುಳ್ಳೆ ಬೇಗ ಕಾಣಿಸುತ್ತದೆ. ನಿಮ್ಮ ಚೆಸಪೀಕ್ ಕೊಲ್ಲಿಯ ಸಪ್ಪೆ ಉಪ್ಪುನೀರು ಇವೆರಡರ ನಡುವಿನದು.

ನಲವತ್ತು ವರ್ಷದ ದೋಣಿಗೆ ಕಡಲೆಕಾಳಿನಂಥ ಒಂಬತ್ತು ಗುಳ್ಳೆಗಳು ಬೆಳೆದಿವೆಯೆಂದರೆ ನಾನು ಸಮಾಧಾನಪಡುತ್ತೇನೆ. ನೂರಾರು ಇದ್ದಿದ್ದರೆ, ಅಥವಾ ಒಂದು ಗುಳ್ಳೆಯ ಕೆಳಗೆ ಕೆರೆದಾಗ ಗಾಜಿನ ಎಳೆಗಳು ರೆಸಿನ್ ಕಳೆದುಕೊಂಡು ತೆಂಗಿನ ನಾರಿನಂತೆ ಬಿಡಿಬಿಡಿಯಾಗಿ ಎದ್ದುಬಂದಿದ್ದರೆ ಮಾತೇ ಬೇರೆ. ಇನ್ನೊಂದು ಗುಳ್ಳೆಯನ್ನು ನೀವೇ ತೆರೆದು ನೋಡಿ. ದ್ರವ ಒತ್ತಡದಲ್ಲಿರುವುದರಿಂದ ಕಣ್ಣಿಗೆ ಗಾಗಲ್ ಹಾಕಿಕೊಳ್ಳದೆ ಮಾತ್ರ ಚುಚ್ಚಬೇಡಿ.

ಸುಲಿಸುವ ವಿಚಾರದಲ್ಲಿ ನಾನೇ ಪೆಟ್ಟು ತಿಂದವನು. ಒಂದು ಯಾರ್ಡಿನವರು ನನ್ನ ದೋಣಿಯ ಜೆಲ್‌ಕೋಟನ್ನು ಸುಲಿದು, ಇನ್‌ಫ್ರಾರೆಡ್ ದೀಪಗಳನ್ನು ಹಚ್ಚಿ ಒಂಬತ್ತು ವಾರ ಇಟ್ಟರು. ಅಂಕಿ ಜಗ್ಗಲಿಲ್ಲ. ಕಾರಣ ಇಷ್ಟೇ: ರೆಸಿನ್ ಒಡೆದು ಬಂದ ಗ್ಲೈಕಾಲ್ ಒಳಗೇ ಇತ್ತು. ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಾಲದ್ದಕ್ಕೆ ಗಾಳಿಯ ತೇವವನ್ನೂ ಅದು ಹೀರಿಕೊಳ್ಳುತ್ತದೆ. ಹಾಗಾಗಿ ದೀಪದ ಬಿಸಿಗೆ ಅದು ಆರಿಹೋಗುವ ಮಾತೇ ಇಲ್ಲ. ಅದನ್ನು ತೊಳೆದೇ ತೆಗೆಯಬೇಕು. ಕೊನೆಗೆ ನಾನೇ ಬಾಡಿಗೆ ಯಂತ್ರ ತಂದು ವಾರಕ್ಕೆ ಎರಡು ಬಾರಿ ಬಿಸಿ ಸಿಹಿನೀರಿನಿಂದ ತೊಳೆದೆ. ಮರುದಿನ ಬೆಳಿಗ್ಗೆ ಸುಲಿದ ಮೈಯ ಮೇಲೆ ಅಲ್ಲಲ್ಲಿ ಬೆವರಿನಂಥ ಹನಿಗಳು ನಿಂತಿರುತ್ತಿದ್ದವು. ಬೆರಳುಗಳ ನಡುವೆ ಉಜ್ಜಿದರೆ ಹರಳೆಣ್ಣೆಯಂತೆ ಜಾರುತ್ತಿತ್ತು, ಲಿಟ್ಮಸ್ ಕಾಗದ ತಾಗಿಸಿದರೆ ಕೆಂಪಾಗುತ್ತಿತ್ತು. ಆರನೆಯ ತೊಳೆತದ ನಂತರ ಕಾಗದದ ಬಣ್ಣ ಬದಲಾಗುವುದು ನಿಂತಿತು, ಆಮೇಲಷ್ಟೇ ಮೀಟರಿನ ಅಂಕಿ ಇಳಿಯತೊಡಗಿತು. ನಿಮ್ಮ ಯಾರ್ಡಿನವರು ತೊಳೆಯುವ ಮಾತನ್ನೇ ಎತ್ತದೆ ಒಣಗಿಸುವ ಮಾತನ್ನಷ್ಟೇ ಆಡುತ್ತಿದ್ದರೆ ಅವರಿಗೆ ಕೆಲಸ ಕೊಡುವ ಮುನ್ನ ಎರಡು ಸಲ ಯೋಚಿಸಿ.

ಸದ್ಯಕ್ಕೆ ಇಷ್ಟು ಮಾಡಿ. ತಳದಲ್ಲಿ ಹತ್ತು ಹನ್ನೆರಡು ಕಡೆ ಅಂಗೈಯಗಲ ಬಣ್ಣವನ್ನು ಜೆಲ್‌ಕೋಟ್ ಕಾಣುವವರೆಗೆ ಕೆರೆದು, ಸಿಹಿನೀರಿನಿಂದ ಒರೆಸಿ, ಪ್ರತಿಯೊಂದಕ್ಕೂ ಸಂಖ್ಯೆ ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಮೀಟರಿನಿಂದ ಅಳೆದು, ಆ ಹೊತ್ತಿನ ಉಷ್ಣಾಂಶವನ್ನೂ ಗಾಳಿಯ ಆರ್ದ್ರತೆಯನ್ನೂ ಪಕ್ಕದಲ್ಲಿ ಬರೆದಿಡಿ. ಅಂಕಿ ಎಷ್ಟಿದೆ ಎಂಬುದಕ್ಕಿಂತ ಹೇಗೆ ಇಳಿಯುತ್ತಿದೆ ಎಂಬುದು ಹೆಚ್ಚಿನದನ್ನು ಹೇಳುತ್ತದೆ. ಜೊತೆಗೆ ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಸಿಲು ಬೀಳುವ ಕಡೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ನೀರಿನ ಗೆರೆಯ ಮೇಲೆಯೂ ಹೋಲಿಕೆಗೆ ಒಂದನ್ನು ಅಂಟಿಸಿ. ಒಂದೆರಡು ದಿನದಲ್ಲಿ ಒಳಬದಿಯಲ್ಲಿ ಹನಿ ಕಟ್ಟುತ್ತದೆಯೇ ಎಂದು ನೋಡಬಹುದು.

ಉತ್ತರ 2 | ಮಲ್ಪೆ ಫೈಬರ್ ಕೆಲಸ

ನಾನು ಹಾಯಿದೋಣಿಯನ್ನು ನೋಡಿದ್ದು ಚಿತ್ರದಲ್ಲಿ ಮಾತ್ರ. ಆದರೆ ಮಲ್ಪೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೀನುಗಾರಿಕೆಯ ಫೈಬರ್ ದೋಣಿಗಳಿಗೆ ಗಾಜಿನ ಎಳೆಯ ಮ್ಯಾಟ್ ಹಾಸಿ ರೆಸಿನ್ ಎಳೆಯುವುದೇ ನನ್ನ ಕಸುಬು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ರಿಪೇರಿ ಕೆಲಸ ನಮ್ಮಲ್ಲಿಗೆ ಬಂದು ಬೀಳುತ್ತದೆ. ಅದೇ ಸಮಯಕ್ಕೆ ಮಳೆಯೂ ಹಿಡಿಯುವುದರಿಂದ ತೇವದ ಜೊತೆ ಜಗಳವಾಡುವುದು ನಮಗೆ ಹೊಸದೇನಲ್ಲ. ನಮ್ಮ ಸಣ್ಣ ದೋಣಿಗಳನ್ನು ಆಗಾಗ ಮರಳಿನ ಮೇಲೆ ಎಳೆದಿಡುವುದರಿಂದ ಅವು ನಡುನಡುವೆ ಒಣಗುತ್ತವೆ, ಆದ್ದರಿಂದ ನೀವು ಹೇಳುವಂಥ ಹುಳಿ ಗುಳ್ಳೆಗಳು ನಮಗೆ ಅಪರೂಪ. ತಳದ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸುವಂಥದ್ದೇನೂ ಇಲ್ಲ.

ನನಗೆ ಚಿಂತೆ ಹುಟ್ಟಿಸಿದ್ದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ಡೆಕ್. ಗಟ್ಟಿ ಫೈಬರ್ ನೆನೆದರೆ ನೆನೆದಂತೆಯೇ ಇರುತ್ತದೆ. ನಡುವೆ ಮರವಿದ್ದರೆ ಅದು ಕೊಳೆಯುತ್ತದೆ. ಬಾಲ್ಸಾವನ್ನು ಎಳೆ ನೆಟ್ಟಗೆ ನಿಲ್ಲುವಂತೆ ಸಣ್ಣ ಸಣ್ಣ ತುಂಡು ಮಾಡಿ ಕೂರಿಸಿರುವುದರಿಂದ ಮರದೊಳಗೆ ನೀರು ಅಡ್ಡಡ್ಡ ಹರಡುವುದು ನಿಧಾನ, ಆದರೆ ತುಂಡುಗಳ ನಡುವಿನ ಸಂದಿಗಳಿಗೆ ರೆಸಿನ್ ತುಂಬಿರದಿದ್ದರೆ ಅವೇ ಕಾಲುವೆಗಳಾಗುತ್ತವೆ. ಮೇಲಿನ ಪದರ, ಮರ, ಕೆಳಗಿನ ಪದರ ಮೂರೂ ಅಂಟಿಕೊಂಡಿದ್ದರೆ ಮಾತ್ರ ಡೆಕ್‌ಗೆ ಬಿಗಿ. ಮರ ಗಂಜಿಯಾದರೆ ಉಳಿಯುವುದು ಎರಡು ತೆಳು ಹಾಳೆ. ನಿಮ್ಮಲ್ಲಿ ಚಳಿಗಾಲಕ್ಕೆ ನೀರು ಹೆಪ್ಪುಗಟ್ಟುತ್ತದೆಯಂತೆ. ಹಾಗೆ ಹಿಗ್ಗಿದ ನೀರು ಪದರಗಳನ್ನು ಇನ್ನಷ್ಟು ಬಿಡಿಸುತ್ತದೆ. ಒದ್ದೆ ಮರದ ನಡುವೆ ಗಾಳಿಯಾಡದೆ ಕುಳಿತ ಸ್ಟೇನ್‌ಲೆಸ್ ಸ್ಟೀಲ್ ಕೂಡ ಹೊರಗೆ ಫಳಫಳ ಹೊಳೆಯುತ್ತಲೇ ಒಳಗೆ ಸಣ್ಣ ಕುಳಿಗಳಾಗಿ ತಿಂದುಹೋಗುತ್ತದೆ. ಕೂವೆಕಂಬವನ್ನು ಹಿಡಿದು ನಿಲ್ಲಿಸಿರುವುದೇ ಆ ಪಟ್ಟಿಗಳು ಎಂಬುದನ್ನು ಮರೆಯಬೇಡಿ.

ಒಂದು ಪ್ಲಾಸ್ಟಿಕ್ ತಲೆಯ ಸುತ್ತಿಗೆ ತೆಗೆದುಕೊಂಡು ಗೇಣು ಗೇಣಿಗೆ ತಟ್ಟುತ್ತಾ ಹೋಗಿ. ಗಟ್ಟಿಯಿದ್ದಲ್ಲಿ ಟಣ್ ಎಂದು ಚುರುಕಾದ ಸದ್ದು ಬರುತ್ತದೆ, ಬಿಟ್ಟುಕೊಂಡಲ್ಲಿ ಕಳಿತ ಹಲಸಿನ ಹಣ್ಣನ್ನು ತಟ್ಟಿದಂತೆ ದಬ್ ಎನ್ನುತ್ತದೆ. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಆಮೇಲೆ ಮಾರುವವರ ಒಪ್ಪಿಗೆ ಪಡೆದು, ಕೋಣೆಯ ಒಳಗಿನಿಂದ, ಡ್ರಿಲ್ ಬಿಟ್‌ಗೆ ಆಳದ ಗುರುತಿಗೆ ಟೇಪ್ ಸುತ್ತಿಕೊಂಡು, ಮೇಲಿನ ಪದರ ತೂತಾಗದಂತೆ ಕೊರೆಯಿರಿ. ಬರುವ ಹುಡಿ ಒಣಗಿ ತಿಳಿಹಳದಿಯಾಗಿದ್ದರೆ ಸರಿ. ಕಾಫಿ ಗಸಿಯಂತೆ ಕಪ್ಪಾಗಿ ಮುದ್ದೆಯಾಗಿದ್ದರೆ ಅಲ್ಲಿಯ ಮರ ಮುಗಿದಂತೆ.

ಮರುಪ್ರಶ್ನೆ | ಚೆಸಪೀಕ್ ದಡದವ

ಇಬ್ಬರಿಗೂ ಧನ್ಯವಾದಗಳು. ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಬಣ್ಣ ಕೆರೆದ ಹನ್ನೆರಡು ಜಾಗಗಳಲ್ಲಿ ಅಂಕಿ ಈಗ 35ರಿಂದ 45ಕ್ಕೆ ಇಳಿದಿದೆ. ಎಡಬದಿಯ ಎರಡು ಜಾಗಗಳು ಮಾತ್ರ 70ರಲ್ಲೇ ಇದ್ದು, ಒಳಗೆ ನೋಡಿದರೆ ಅಲ್ಲಿಯೇ ಅಲ್ಯೂಮಿನಿಯಂ ನೀರಿನ ಟ್ಯಾಂಕ್ ಕುಳಿತಿದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಹನಿ ಕಟ್ಟಲಿಲ್ಲ. ಡೆಕ್ ಮಾತ್ರ ಮಲ್ಪೆಯವರು ಹೆದರಿಸಿದಂತೆಯೇ ಇದೆ: ಬಲಬದಿಯ ಚೈನ್‌ಪ್ಲೇಟಿನಿಂದ ಮುಂದಕ್ಕೆ ಸುಮಾರು ಎರಡೂವರೆ ಅಡಿ ದಬ್ ಸದ್ದು, ಕೊರೆದ ಮೂರು ತೂತುಗಳಲ್ಲಿ ಎರಡರಿಂದ ಕಾಫಿ ಗಸಿ, ಒಂದರಿಂದ ನೀರೇ ತೊಟ್ಟಿಕ್ಕಿತು.

ಒಂದು ಗೊಂದಲ ಉಳಿದಿದೆ. ನಿನ್ನೆ ಬೆಳಿಗ್ಗೆ ಶೂನ್ಯಕ್ಕಿಂತ ಆರು ಡಿಗ್ರಿ ಕೆಳಗಿನ ಚಳಿಯಲ್ಲಿ ಮಾರುವವರೇ ಒಂದು ಮೀಟರ್ ತಂದು ಚುಕ್ಕಾಣಿಯ ಮೇಲೆ ಹಿಡಿದರು. ಅಂದು ತುದಿ ಮುಟ್ಟಿದ್ದ ಮುಳ್ಳು 20 ದಾಟಲಿಲ್ಲ. ಚುಕ್ಕಾಣಿ ತಾನಾಗಿ ಒಣಗಿತೆಂದು ನಂಬಬಹುದೇ?

ಉತ್ತರ 3 | ಸೊಲೆಂಟ್ ತೀರ

ನಂಬಬೇಡಿ. ಹೆಪ್ಪುಗಟ್ಟಿದ ನೀರು ಈ ಮೀಟರುಗಳ ಕಣ್ಣಿಗೆ ನೀರಾಗಿ ಕಾಣುವುದಿಲ್ಲ, ಏಕೆಂದರೆ ಮಂಜುಗಡ್ಡೆಯ ಅಣುಗಳು ದ್ರವದಲ್ಲಿದ್ದಂತೆ ವಿದ್ಯುತ್ ಕ್ಷೇತ್ರಕ್ಕೆ ತಕ್ಕ ಹಾಗೆ ಸಲೀಸಾಗಿ ತಿರುಗಲಾರವು. ಹಗಲಿನ ಉಷ್ಣಾಂಶ ಒಂದೆರಡು ದಿನ ಹತ್ತು ಡಿಗ್ರಿಯ ಮೇಲೆ ನಿಂತಾಗ ಮತ್ತೆ ಅಳೆಯಿರಿ. ಮುಳ್ಳು ಹಳೆಯ ಜಾಗಕ್ಕೆ ಹೋದರೆ ನನಗೆ ಆಶ್ಚರ್ಯವಾಗದು. ಮಾರುವವರು ಮೋಸ ಮಾಡಲೆಂದೇ ಆ ಬೆಳಿಗ್ಗೆಯನ್ನು ಆರಿಸಿಕೊಂಡರೆಂದು ನಾನು ಹೇಳುವುದಿಲ್ಲ, ಅವರಿಗೂ ಇದು ತಿಳಿದಿರಲಿಕ್ಕಿಲ್ಲ. ಫೋಮ್ ತುಂಬಿದ ಹಳೆಯ ಚುಕ್ಕಾಣಿಗಳಿಗೆ ಲೋಹದ ದಂಡ ಒಳಹೋಗುವ ಜಾಗದಿಂದ ನೀರು ಸೇರುವುದು ಸಾಮಾನ್ಯ. ಕೆಳತುದಿಯಲ್ಲಿ ಒಂದು ತೂತು ಕೊರೆದು ಚಳಿಗಾಲವಿಡೀ ಬಸಿಯಲು ಬಿಟ್ಟು, ವಸಂತದಲ್ಲಿ ಎಪಾಕ್ಸಿ ತುಂಬಿ ಮುಚ್ಚುವುದು ಇಲ್ಲಿನ ವಾಡಿಕೆ. ಹೊರಬರುವ ನೀರಿನಲ್ಲಿ ತುಕ್ಕಿನ ಬಣ್ಣವಿದ್ದರೆ ಮಾತ್ರ ಒಳಗಿನ ಲೋಹದ ಚೌಕಟ್ಟನ್ನು ತೆರೆದು ನೋಡಿಸಬೇಕಾಗುತ್ತದೆ.

ತಳವನ್ನು ಸುಲಿಸಬೇಡಿ. ಆ ಒಂಬತ್ತು ಗುಳ್ಳೆಗಳನ್ನು ಬಟ್ಟಲಿನ ಆಕಾರಕ್ಕೆ ಉಜ್ಜಿ, ಸಿಹಿನೀರಿನಿಂದ ಹಲವು ಸಲ ತೊಳೆದು, ಒಣಗಿದ ಮೇಲೆ ಎಪಾಕ್ಸಿ ತುಂಬಿದರೆ ಸಾಕು. ಅಂಕಿ ಇನ್ನೂ ಇಳಿದು ಒಂದು ಕಡೆ ನಿಂತರೆ, ಬೇಕಿದ್ದಲ್ಲಿ ಬಣ್ಣವೆಲ್ಲ ತೆಗೆದು ನೀರು ಒಳಹೋಗದಂತೆ ತಡೆಯುವ ಎಪಾಕ್ಸಿ ಬ್ಯಾರಿಯರ್ ಕೋಟ್ ಬಳಿಯಬಹುದು; ಒಣಗಿದ ದಪ್ಪ ಒಟ್ಟು 250–300 ಮೈಕ್ರಾನ್ ಆಗುವವರೆಗೆ ಹಲವು ಪದರ ಬೇಕು. ಒದ್ದೆಯಿರುವಾಗಲೇ ಅವಸರಪಟ್ಟು ಬಳಿದರೆ ನೀರನ್ನು ಒಳಗೆ ಕೂಡಿಹಾಕಿದಂತಾಗುತ್ತದೆ. ಬೆಲೆಯ ಮಾತನ್ನು ತಳದ ಅಂಕಿ ಹಿಡಿದುಕೊಂಡು ಆಡುವ ಬದಲು ಡೆಕ್ ರಿಪೇರಿಯ ಲಿಖಿತ ಅಂದಾಜು ತರಿಸಿಕೊಂಡು ಅದರ ಮೇಲೆ ಆಡಿ.

ಉತ್ತರ 4 | ಮಲ್ಪೆ ಫೈಬರ್ ಕೆಲಸ

ಡೆಕ್ ರಿಪೇರಿ ಮಾಡಿಸುವಾಗ ಎರಡು ಮಾತು. ಮೇಲಿನ ಪದರವನ್ನು ಕೊಯ್ದು ಕೊಳೆತ ಮರವನ್ನು ಕೆರೆದು ತೆಗೆಯುವಾಗ, ದಬ್ ಸದ್ದು ನಿಂತ ಗೆರೆಗೆ ಕೆಲಸ ನಿಲ್ಲಿಸದೆ ಒಣಮರ ಸಿಗುವವರೆಗೂ ಮುಂದೆ ಹೋಗಬೇಕು, ಏಕೆಂದರೆ ಒದ್ದೆಯಾಗಿಯೂ ಇನ್ನೂ ಬಿಟ್ಟುಕೊಳ್ಳದ ಮರ ಗಟ್ಟಿಯ ಸದ್ದನ್ನೇ ಕೊಡುತ್ತದೆ. ಹೊಸ ಬಾಲ್ಸಾ ಕೂರಿಸಿದ ಮೇಲೆ ಚೈನ್‌ಪ್ಲೇಟ್ ಹಾದುಹೋಗುವ ಸುತ್ತ ಒಂದು ಇಂಚಿನಷ್ಟು ಮರವನ್ನೇ ಬಿಡದೆ ಗಟ್ಟಿ ಎಪಾಕ್ಸಿ ತುಂಬಿಸಿ, ಅದರ ನಡುವೆ ಸೀಳು ಮಾಡಿಸಿ. ಮುಂದೆ ಸೀಲಂಟ್ ಸೋರಿದರೂ ನೀರಿಗೆ ಮರ ಸಿಗಬಾರದು. ಒಮ್ಮೆ ಎಪಾಕ್ಸಿ ಹಾಕಿದ ಜಾಗದ ಮೇಲೆ ಮತ್ತೆ ಪಾಲಿಯೆಸ್ಟರ್ ರೆಸಿನ್ ಎಳೆಯಲು ಯಾರಾದರೂ ಹೊರಟರೆ ಬೇಡವೆನ್ನಿ, ಅದು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ.